ಆ ಬೀಡಿ ಬ್ರಾಂಚಿನಲ್ಲಿ ತೆಗೆದುಕೊಳ್ಳುವುದಿಲ್ಲ

ಟ್ರೈಲರ್ ಮುಗಿಯಿತು. ಕಿಟಕಿಗೆ ಕಟ್ಟಿದ್ದ ಕಪ್ಪು ಬಟ್ಟೆ ಸರಿಸಿದೆವು. ಯಾರೂ ಮಾತಾಡಲಿಲ್ಲ. ಪ್ಲಸ್ ಟು ಮಕ್ಕಳ ಮೌನದಲ್ಲಿ ಬಗೆಬಗೆ ಉಂಟು. ಇದು ಬೆಲ್ಲಿಗೆ ಇನ್ನೆಷ್ಟು ನಿಮಿಷ ಎಂದು ಲೆಕ್ಕ ಹಾಕುವ ಮೌನ ಅಂತ ಗೊತ್ತಾಗಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಪ್ರೊಜೆಕ್ಟರಿನ ಪಕ್ಕದಲ್ಲಿ ನಿಂತಿದ್ದ ನಿರ್ದೇಶಕ ಕೈ ಕೈ ಉಜ್ಜುತ್ತ "ಹೇಗುಂಟು?" ಅಂದ. ಮೂವತ್ತು ದಾಟಿದ್ದಾನೆ, ಗಡ್ಡ ಬಿಟ್ಟಿದ್ದಾನೆ, ಆದರೂ ನನಗೆ ಅವನು ಇದೇ ಕೋಣೆಯ ಕೊನೆಯ ಬೆಂಚಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದ ಹುಡುಗನೇ.

ಮೂರನೇ ಬೆಂಚಿನಿಂದ ಒಬ್ಬಳು ಎದ್ದಳು.

"ಆ ಬೀಡಿ ಬ್ರಾಂಚಿನಲ್ಲಿ ತೆಕ್ಕೊಳ್ಳುದಿಲ್ಲ ಅಣ್ಣ."

"ಎಂತ?"

"ಆ ಅಮ್ಮ ಕಟ್ಟಿದ್ದು. ಬಾಯಿ ಹಾಗೆ ಮಡಚಿದ್ರೆ ಬಿಚ್ತದೆ. ಬ್ರಾಂಚಿನವ ಬೇರೆ ಹಾಕ್ತಾನೆ."

ಅಲ್ಲಿಂದ ಕ್ಲಾಸು ನನ್ನ ಕೈತಪ್ಪಿತು. ಹೆಬ್ಬೆರಳ ಉಗುರಿನಲ್ಲಿ ಒತ್ತಬೇಕು ಎಂದು ಒಬ್ಬಳು, ಇಲ್ಲ ಸಣ್ಣ ಕಡ್ಡಿಯಲ್ಲಿ ಎಂದು ಇನ್ನೊಬ್ಬಳು, ತನ್ನ ಅಜ್ಜಿ ಟಿವಿಯಿಂದ ಕಣ್ಣು ತೆಗೆಯದೆ ಕಟ್ಟುತ್ತಾರೆ ಎಂದು ಮತ್ತೊಬ್ಬ. ನಿರ್ದೇಶಕನ ಮುಖ ಕೆಂಪಾಯಿತು. ಬೆಂಗಳೂರಿನ ರಂಗಭೂಮಿಯ ನಟಿಯನ್ನು ಕರೆತಂದು, ಹದಿನೈದು ದಿನ ಒಂದು ಮನೆಯ ಜಗಲಿಯಲ್ಲಿ ಕೂರಿಸಿ ಬೀಡಿ ಕಟ್ಟುವುದು ಕಲಿಸಿದ್ದನಂತೆ ಪಾಪ.

ಹೊರಗಿನವರಿಗಾಗಿ ಒಂದು ಮಾತು. ಬ್ರಾಂಚ್ ಎಂದರೆ ಬ್ಯಾಂಕಿನದ್ದಲ್ಲ. ಎಲೆ, ಹೊಗೆಸೊಪ್ಪು, ನೂಲು ಕೊಟ್ಟು, ಕಟ್ಟಿದ ಬೀಡಿ ಎಣಿಸಿ ತೆಗೆದುಕೊಳ್ಳುವ ಜಾಗ. ಎಲೆಯನ್ನು ನೀರಲ್ಲಿ ನೆನೆಸಿ, ಕತ್ತರಿಯಿಂದ ಅಳತೆಗೆ ಕತ್ತರಿಸಿ, ಮಡಿಲಲ್ಲಿ ಮೊರ ಇಟ್ಟುಕೊಂಡು ಸುತ್ತಿ, ನೂಲು ಕಟ್ಟಿ, ಬಾಯಿ ಮಡಚುವುದು ಹೆಂಗಸರ ಕೆಲಸ. ಸಾವಿರದ ಲೆಕ್ಕದಲ್ಲಿ ಮಜೂರಿ. ಮಂಜೇಶ್ವರದಿಂದ ಬದಿಯಡ್ಕದವರೆಗೆ ಎಷ್ಟೋ ಮನೆಗಳ ಶಾಲೆ ಫೀಸು, ಕಿವಿಯೋಲೆ, ಮದುವೆ ಸೀರೆ ಈ ಮೊರದಿಂದಲೇ ಎದ್ದು ಬಂದದ್ದು. ಕಟ್ಟಿದ್ದರಲ್ಲಿ ಬ್ರಾಂಚಿನವನು ಸರಿಯಿಲ್ಲ ಎಂದು ಬೇರೆ ಹಾಕಿದರೆ ಅಷ್ಟು ದುಡಿಮೆ ಹೋಯಿತು.

ಸಿನಿಮಾ ಇದರ ಮೇಲೆಯೇ. ಗಡಿಯ ಒಂದು ಹಳ್ಳಿ, ಬೀಡಿ ಕಟ್ಟುವ ತಾಯಿ, ಕನ್ನಡ ಮಾಧ್ಯಮದಲ್ಲಿ ಓದುವ ಮಗಳು, ಶಾಲೆಯಿಂದ ಹೊರಟ ಒಂದು ಪ್ರವಾಸ. ಸ್ಟಾರ್ ಇಲ್ಲ, ಫೈಟ್ ಇಲ್ಲ. ತಾಯಿಯೊಬ್ಬಳನ್ನು ಬಿಟ್ಟರೆ ಉಳಿದವರೆಲ್ಲ ಊರವರೇ. ಕಾಸರಗೋಡು ಪೇಟೆಯಲ್ಲಿ ಒಂದೇ ಥಿಯೇಟರ್ ಸಿಕ್ಕಿತ್ತು, ದಿನಕ್ಕೆ ಎರಡು ಆಟ. ಭಾನುವಾರ ರಾತ್ರಿ ಥಿಯೇಟರಿನವರು ಮೂರು ದಿನದ ಲೆಕ್ಕ ನೋಡಿ ಸೋಮವಾರದಿಂದ ಇಡಬೇಕೋ ತೆಗೆಯಬೇಕೋ ಎಂದು ತೀರ್ಮಾನಿಸುತ್ತಾರೆ. ದೊಡ್ಡವರು "ಒಳ್ಳೆಯದಾಯ್ತು ಮಗಾ, ಫೋನಿಗೆ ಬರ್ಲಿ, ನೋಡುವ" ಅನ್ನುತ್ತಾರೆ. ಮೊದಲ ಮೂರು ದಿನಕ್ಕೆ ಥಿಯೇಟರಿನ ಮೆಟ್ಟಿಲು ಹತ್ತುವವರು ಹದಿನೈದರಿಂದ ಇಪ್ಪತ್ತೈದರವರು. ಹಾಗಾಗಿ ಅವನು ನನ್ನ ಹತ್ತಿರ ಬಂದಿದ್ದ. "ಟೀಚರೇ, ಹೇಗಾದ್ರೂ ಮಕ್ಕಳನ್ನು ತರಬೇಕು."

ತಾರೀಕಿನ ವಿಷಯ ಮಾತ್ರ ಅವನು ಮೊದಲೇ ಕೇಳಿದ್ದ, ಅದಕ್ಕೆ ಅವನನ್ನು ಮೆಚ್ಚಬೇಕು. ಕೇರಳದ ಶಾಲೆ ಮಕ್ಕಳಿಗೆ ಸಿನಿಮಾ ತೋರಿಸುವವರು ಪಂಚಾಂಗ ಬಿಟ್ಟು ಶಾಲೆಯ ಕ್ಯಾಲೆಂಡರ್ ನೋಡಬೇಕು. ಮಾರ್ಚಿನಲ್ಲಿ ಪರೀಕ್ಷೆ. ಎಪ್ರಿಲ್, ಮೇ ರಜೆ ಹೌದು, ಆದರೆ ವಿಷು ಹೊತ್ತಿಗೆ ದೊಡ್ಡ ನಟರ ಸಿನಿಮಾಗಳು ಪರದೆಗಳನ್ನು ಹಿಡಿದು ಕೂತಿರುತ್ತವೆ. ಸಾಲದ್ದಕ್ಕೆ ಊರಲ್ಲಿ ನೇಮ, ಕೋಲ, ಜಾತ್ರೆ. ಓಣಂಗೂ ಅದೇ ಪಾಡು. ಆಮೇಲೆ ಶಾಲಾ ಕಲೋತ್ಸವದ ಜ್ವರ ಏರಿದರೆ ಉಪಜಿಲ್ಲೆ, ಜಿಲ್ಲೆ ಎಂದು ಒಪ್ಪನ, ಯಕ್ಷಗಾನ, ನಾಟಕದ ಹಿಂದೆ ಓಡುವ ಮಕ್ಕಳು ಕೈಗೆ ಸಿಗುವುದಿಲ್ಲ. ಉಳಿದದ್ದು ಜುಲೈ. ಜುಲೈಯಲ್ಲಿ ನಮ್ಮ ಮಕ್ಕಳು ಕಾಯುವ ರಿಲೀಸ್ ಒಂದೇ, ಮಳೆಗೆ ಕಲೆಕ್ಟರ್ ರಜೆ ಕೊಟ್ಟರೋ ಇಲ್ಲವೋ ಎಂಬುದು. ಜುಲೈ ಎಂದೇ ಆಯಿತು.

ಸೆನ್ಸಾರ್ ಸರ್ಟಿಫಿಕೇಟಿನ ಚಿಂತೆಯೂ ಇತ್ತು. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಯುಎ ಎಂಬ ಒಂದೇ ವರ್ಗ ಹೋಗಿ 7+, 13+, 16+ ಎಂದು ಮೂರಾಗಿದೆ. ಬ್ರಾಂಚಿನ ಜಗಳದಲ್ಲಿ ಒಂದು ಅಪ್ಪಟ ತುಳು ಬೈಗುಳ ಇತ್ತು. ಅದರಿಂದಾಗಿ 'ಎ' ಬಂದರೆ ಹದಿನೆಂಟರ ಕೆಳಗಿನವರಿಗೆ ಬಾಗಿಲೇ ಮುಚ್ಚಿದ ಹಾಗೆ. ಕೊನೆಗೆ ಯುಎ 13+ ಸಿಕ್ಕಿತು. ಬೈಗುಳ ಉಳಿಯಿತೋ ಹೋಯಿತೋ ಎಂದು ಕೇಳಬೇಡಿ, ನಾನು ಟೀಚರ್.

ಕ್ಲಾಸಿನಲ್ಲಿ ಅವನು ಮಾಡಿದ ಇನ್ನೊಂದು ತಪ್ಪು ಭಾಷಣ. 1984ರಲ್ಲಿ ಮಲಯಾಳ ನಿರ್ದೇಶಕ ಜಾನ್ ಅಬ್ರಹಾಂ ಮತ್ತು ಗೆಳೆಯರು ಒಡೆಸ್ಸಾ ಎಂಬ ಗುಂಪು ಕಟ್ಟಿ, ಊರೂರು ತಿರುಗಿ ಜನರ ಕೈಯಿಂದಲೇ ಚಿಲ್ಲರೆ ಕೂಡಿಸಿ 1986ರಲ್ಲಿ ಸಿನಿಮಾ ಮಾಡಿದ್ದನ್ನು ಕಣ್ಣರಳಿಸಿ ಹೇಳಿದ. ದುಡ್ಡು ಕೊಟ್ಟವನಿಗೆ ಅದು ತನ್ನ ಸಿನಿಮಾ ಅನ್ನಿಸುತ್ತದೆ, ಆಮೇಲೆ ಅವನನ್ನು ಕರೆಯಬೇಕಾಗಿಲ್ಲ ಎಂಬುದು ಅವನ ಮಾತಿನ ತಿರುಳು. ಒಳ್ಳೆಯ ಮಾತೇ. ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: "ಆಗ ಜಿಪೇ ಇತ್ತಾ ಅಣ್ಣ?" ಎಲ್ಲರೂ ನಕ್ಕರು. ಇನ್ನೊಬ್ಬ ಮೆಲ್ಲಗೆ, "ಅವಾರ್ಡ್ ಪಡಂ" ಅಂದ.

ಈ ಎರಡು ಶಬ್ದದ ತೂಕ ಕಾಸರಗೋಡಿನಲ್ಲಿ ಇದ್ದವರಿಗೇ ಗೊತ್ತು. ಮಲಯಾಳದಿಂದ ಬಂದ ಮಾತು, ಪ್ರಶಸ್ತಿ ಸಿನಿಮಾ ಎಂದು ಅರ್ಥ, ಆದರೆ ಹೊಗಳಿಕೆ ಅಲ್ಲವೇ ಅಲ್ಲ. ಒಬ್ಬ ಮುದುಕ ಜಗಲಿಯಲ್ಲಿ ಕೂತು ಐದು ನಿಮಿಷ ಚಾ ಕುಡಿಯುತ್ತಾನೆ, ಆಮೇಲೆ ಕಾಗೆ ಕೂಗುತ್ತದೆ, ಆಮೇಲೆ ಮಳೆ. ಇದೇ ಅವಾರ್ಡ್ ಪಡಂ. ಒಮ್ಮೆ ಈ ಹೆಸರು ಅಂಟಿದರೆ ಮಕ್ಕಳು ಆ ಕಡೆ ತಲೆ ಹಾಕಿ ಮಲಗುವುದಿಲ್ಲ.

ನಾನು ಮಾಡಿದ್ದೇನು ಹೇಳಬೇಕಲ್ಲ. ಶಾಲೆಯ ನೋಟೀಸಿಗೆ ಬರೆದೆ: "ಸಾಮಾಜಿಕ ಕಳಕಳಿಯುಳ್ಳ, ವಿದ್ಯಾರ್ಥಿಗಳು ನೋಡಲೇಬೇಕಾದ ಉತ್ತಮ ಸಂದೇಶದ ಚಲನಚಿತ್ರ." ಕ್ಲಾಸಿನಲ್ಲಿ ಓದಿದಾಗ ಒಬ್ಬ ಗಂಭೀರವಾಗಿ ಕೇಳಿದ: "ನೋಡಲೇಬೇಕಾದ ಅಂದ್ರೆ ಆಮೇಲೆ ನೋಟ್ಸ್ ಬರೀಲಿಕ್ಕುಂಟಾ ಟೀಚರೇ?" ಇನ್ನೊಬ್ಬ, ಪೇಟೆಯ ಮೊಬೈಲ್ ಅಂಗಡಿಯಲ್ಲಿ ಸಂಜೆ ಕೆಲಸಕ್ಕೆ ಹೋಗುವವನು, ಹೆಚ್ಚು ಮಾತಿನವನಲ್ಲ, ಪುಸ್ತಕದಿಂದ ತಲೆ ಎತ್ತದೆ ಅಂದ: "ನಮ್ಮನಮ್ಮ ಮನೆ ನೋಡ್ಲಿಕ್ಕೆ ನೂರೈವತ್ತು ರೂಪಾಯಿ ಯಾಕೆ?"

ತಮಾಷೆ ಎಂದುಕೊಂಡು ನಾನೂ ನಕ್ಕೆ. ಆ ನಗು ಈಗಲೂ ನನಗೆ ಚುಚ್ಚುತ್ತದೆ.

ಸಾಮಾಜಿಕ ವಾಸ್ತವದ ಸಿನಿಮಾ ಎಂದರೆ ಪೇಟೆಯ ವಿಮರ್ಶಕನಿಗೆ ಹೊಸ ಲೋಕದ ಕಿಟಕಿ. ನಮ್ಮ ಹುಡುಗನಿಗೆ ಅದು ತನ್ನದೇ ಜಗಲಿ. ಹದಿನೇಳನೇ ವಯಸ್ಸಿನಲ್ಲಿ ಮನುಷ್ಯ ಅತ್ಯಂತ ಜಾಗ್ರತೆಯಿಂದ ಮುಚ್ಚಿಡುವುದು ಆ ಜಗಲಿಯನ್ನೇ. ಬೂಟು ಸಾಲದ್ದಾದರೂ ಬಿಳಿಯಾಗಿರಬೇಕು, ಗೆಳೆಯರನ್ನು ಮನೆಗೆ ಕರೆಯಬಾರದು, ಅಮ್ಮ ಶಾಲೆಗೆ ಬರುವುದಾದರೆ ಬೀಡಿಯ ವಾಸನೆ ಹೋಗುವ ಹಾಗೆ ಮಿಂದು ಬರಬೇಕು. ಅಂಥವನನ್ನು ನೂರು ಜನರ ನಡುವೆ ಕೂರಿಸಿ, ಮೂವತ್ತಡಿ ಅಗಲಕ್ಕೆ ಅವನ ಅಮ್ಮನ ಮೊರವನ್ನು ತೋರಿಸಿ, "ನೋಡು, ಇದು ವಾಸ್ತವ" ಎಂದರೆ ಅವನು ಎಲ್ಲಿಗೆ ನೋಡಬೇಕು?

ಇದು ಹೊಳೆಯುವ ಮೊದಲೇ ನಾನು ಶುಕ್ರವಾರದ ಆಟಕ್ಕೆ ಶಾಲೆಯ ಬಸ್ಸು ಮಾಡಿಸಿಯಾಗಿತ್ತು.

ಆ ಕಥೆಗೆ ಬರುವ ಮೊದಲು ಮೂರನೇ ಬೆಂಚಿನವಳ ವಿಷಯ. ಹೈಸ್ಕೂಲಿನಲ್ಲಿ ಐಟಿ ಕ್ಲಬ್ ಆದ ಲಿಟಲ್ ಕೈಟ್ಸ್‌ನಲ್ಲಿದ್ದವಳು, ಕ್ಯಾಮೆರಾ, ಎಡಿಟಿಂಗ್ ಎಲ್ಲ ಕೈಗೆ ಹತ್ತಿದೆ. ಆ ರಾತ್ರಿಯೇ ಒಂದು ರೀಲ್ ಮಾಡಿದ್ದಳು. ಪರದೆಯ ಮೇಲರ್ಧದಲ್ಲಿ ಟ್ರೈಲರಿನ ನಟಿಯ ಕೈ, ಕೆಳಗಿನರ್ಧದಲ್ಲಿ ಅವಳ ಅಮ್ಮನ ಕೈ. ಮುಖ ಇಲ್ಲ. ಮೇಲಿನ ಕೈ ಒಂದು ಬೀಡಿ ಸುತ್ತಿ, ನೂಲು ಹುಡುಕಿ, ಗಂಟು ಹಾಕುವಷ್ಟರಲ್ಲಿ ಕೆಳಗಿನ ಕೈ ಮೂರನ್ನು ಮುಗಿಸಿ ನಾಲ್ಕನೆಯ ಎಲೆಗೆ ಬೆರಳು ಚಾಚಿತ್ತು. ಹೆಬ್ಬೆರಳ ಉಗುರು ಬದಿಯಲ್ಲಿ ಸವೆದು ಓರೆಯಾಗಿತ್ತು. ಎಲೆಯ ಅಂಚು ಆ ಓರೆಗೆ ಸರಿಯಾಗಿ ಕೂತು ಒಳಗೆ ಮಡಚಿಕೊಳ್ಳುತ್ತಿತ್ತು. ಹಿಂದಿನಿಂದ ಕತ್ತರಿಯ ಸದ್ದು, ಹಾಡು ಹಾಕಿರಲಿಲ್ಲ. ಕನ್ನಡದಲ್ಲೂ ಮಲಯಾಳದಲ್ಲೂ ಒಂದೇ ಸಾಲು: "ಯಾರ ಬೀಡಿ ಪಾಸ್?"

ನಿರ್ದೇಶಕ ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡಿದ. ನಿರ್ಮಾಪಕರಿಗೆ ಸಿಟ್ಟು ಬಂದಿದೆ, ಸಿನಿಮಾ ಬರುವ ಮೊದಲೇ ಮರ್ಯಾದೆ ಹೋಯಿತು, ತೆಗೆಸಿ ಟೀಚರೇ ಎಂದ. ನಾನು ಬೆಳಿಗ್ಗೆ ನೋಡುವ ಎಂದು ಮಲಗಿದೆ. ಬೆಳಿಗ್ಗೆಗೆ ಬಂಟ್ವಾಳ, ಪುತ್ತೂರು, ಕಣ್ಣೂರಿನ ಕಡೆಯಿಂದೆಲ್ಲ ಜನ ತಂತಮ್ಮ ಅಮ್ಮ, ಅಜ್ಜಿ, ಅತ್ತೆಯ ಕೈಯ ವೇಗದ ಬಗ್ಗೆ ಬರೆಯುತ್ತಿದ್ದರು. ನಮ್ಮ ಶಾಲೆಯಲ್ಲಿ ಅದನ್ನು ನೋಡದವರು ಉಳಿಯಲಿಲ್ಲ.

ಆಗ ನಾನು ಅವನಿಗೆ ನೆನಪಿಸಿದ್ದು ನಮ್ಮ ಜಿಲ್ಲೆಯದ್ದೇ ಕಥೆ. 2022ರ ಆಗಸ್ಟ್ 11ರಂದು 'ನ್ನಾ ತಾನ್ ಕೇಸ್ ಕೊಡು' ಎಂಬ ಮಲಯಾಳ ಸಿನಿಮಾ ಬಂತಲ್ಲ. ರಸ್ತೆಯ ಗುಂಡಿಯ ಮೇಲೆ ಕೋರ್ಟಿನಲ್ಲಿ ಕೇಸ್ ಹಾಕುವ ಒಬ್ಬ ಹಳೆಯ ಕಳ್ಳನ ಕಥೆ. ಕೇಳಿದರೆ ಶುದ್ಧ ಅವಾರ್ಡ್ ಪಡಂ. ನ್ಯಾಯಾಧೀಶರ ಪಾತ್ರ ಮಾಡಿದ ಪಿ.ಪಿ. ಕುಞಿಕೃಷ್ಣನ್ ನಮ್ಮ ಜಿಲ್ಲೆಯ ನಿವೃತ್ತ ಮಾಷ್ಟ್ರು, ಅದಕ್ಕೆ ಅವರಿಗೆ ರಾಜ್ಯ ಪ್ರಶಸ್ತಿಯೂ ಬಂತು. ಆದರೆ ನಮ್ಮ ಮಕ್ಕಳು ಥಿಯೇಟರಿಗೆ ಓಡಿದ್ದು ಕೋರ್ಟು ನೋಡಲಿಕ್ಕಲ್ಲ. ಉತ್ಸವದ ಗಾನಮೇಳದೆದುರು ನಾಯಕ ಕುಂಚಾಕೊ ಬೋಬನ್ ಕೈಕಾಲು ಎಲ್ಲೆಲ್ಲೋ ಹಾಕಿ ಕುಣಿದದ್ದು ರಿಲೀಸಿಗೆ ಮೊದಲೇ ಎಲ್ಲರ ಫೋನಿನಲ್ಲಿತ್ತು. ಆ ವರ್ಷ ನಮ್ಮ ಶಾಲೆಯ ಜಗಲಿಯಲ್ಲಿ ನೆಟ್ಟಗೆ ನಡೆದ ಹುಡುಗನಿಲ್ಲ. ಬಿಡುಗಡೆಯ ದಿನದ ಪತ್ರಿಕೆ ಜಾಹೀರಾತಿನಲ್ಲಿ ಇನ್ನೊಂದು ಕುಚೇಷ್ಟೆ: ಥಿಯೇಟರಿಗೆ ಬರುವ ದಾರಿಯಲ್ಲಿ ಗುಂಡಿ ಉಂಟು, ಆದರೂ ಬನ್ನಿ ಎಂದು. ಕೆಲವರಿಗೆ ಸಿಟ್ಟು ಬಂತು, ಬಹಿಷ್ಕಾರದ ಮಾತೂ ಬಂತು. ಸಿನಿಮಾ ಓಡಿತು.

ಎರಡು ದಿನ ಬಿಟ್ಟು ಬಸ್ ಸ್ಟ್ಯಾಂಡಿನ ಗೋಡೆಯಲ್ಲಿ ನಮ್ಮವನ ಹೊಸ ಪೋಸ್ಟರ್ ಕಂಡಿತು. ತಾಯಿಯ ಕೈ, ಅರ್ಧ ಕಟ್ಟಿದ ಬೀಡಿ, ಕೆಳಗೆ: "ಬಾಯಿ ಸರಿ ಮಡಚಿಲ್ಲ. ಆದರೂ ಬನ್ನಿ. ಇನ್ನೂ ತಪ್ಪು ಉಂಟು, ಹುಡುಕಿ." ನಿರ್ಮಾಪಕರನ್ನು ಹೇಗೆ ಒಪ್ಪಿಸಿದನೋ. ನನ್ನ ನೋಟೀಸಿನ 'ಕಳಕಳಿ'ಗಿಂತ ಇದು ಸಾವಿರ ಪಾಲು ಮೇಲು ಎಂದು ಅಲ್ಲೇ ಕೊಡೆ ಹಿಡಿದು ನಿಂತು ಒಪ್ಪಿಕೊಂಡೆ.

ಈಗ ಶುಕ್ರವಾರ. ನೂರಿಪ್ಪತ್ತೆಂಟು ಮಕ್ಕಳು, ಎಲ್ಲರೂ ಯೂನಿಫಾರ್ಮ್, ಕ್ಲಾಸಿನ ಪ್ರಕಾರ ಸಾಲು, ಪ್ರತಿ ಸಾಲಿನ ತುದಿಗೆ ಒಬ್ಬ ಟೀಚರ್. ಹಾಲ್ ತುಂಬಿದ್ದು ನೋಡಿ ನಿರ್ದೇಶಕನ ಕಣ್ಣು ಒದ್ದೆಯಾಯಿತು. ಮೊದಲು ತಂಬಾಕು ವಿರೋಧಿ ಜಾಹೀರಾತು, ಮೂವತ್ತು ಸೆಕೆಂಡ್. ಆಮೇಲೆ ಸಿನಿಮಾ. ತೆರೆಯಲ್ಲಿ ತಂಬಾಕು ಕಂಡಾಗೆಲ್ಲ ಕೆಳಗೆ ಎಚ್ಚರಿಕೆಯ ಸಾಲು ಹಾಕಬೇಕೆಂದು ನಿಯಮ. ಬೀಡಿ ಕಟ್ಟುವವಳ ಸಿನಿಮಾದಲ್ಲಿ ಅದು ಕಾಣದ ಜಾಗ ಎಲ್ಲಿ? ತಾಯಿ ಅಳುತ್ತಾಳೆ, ಕೆಳಗೆ ಎಚ್ಚರಿಕೆ. ಮಗು ಉಣ್ಣುತ್ತದೆ, ಪಕ್ಕದಲ್ಲಿ ಮೊರ, ಕೆಳಗೆ ಎಚ್ಚರಿಕೆ. ಹತ್ತನೇ ಸಲಕ್ಕೆ ಹಿಂದಿನ ಸಾಲಿನ ಹುಡುಗರು ಅದನ್ನು ಒಟ್ಟಾಗಿ, ಪ್ರಾರ್ಥನೆಯ ಧಾಟಿಯಲ್ಲಿ ಓದಿದರು. ಹಾಲಿಗೆ ಹಾಲೇ ನಕ್ಕಿತು. ನಾವು ಟೀಚರ್‌ಗಳು ಎದ್ದು ನಿಂತು "ಶ್" ಅಂದೆವು.

ಮಕ್ಕಳು ಸುಮ್ಮನಾದರು. ಸುಮ್ಮನಾದವರು ಮತ್ತೆ ಸಿನಿಮಾದ ಕಡೆ ಬರಲೇ ಇಲ್ಲ. ಒಂದೊಂದಾಗಿ ಮಡಿಲಲ್ಲಿ ಫೋನಿನ ಬೆಳಕು ಹತ್ತಿತು. ಪ್ರವಾಸದ ದುಡ್ಡಿಲ್ಲವೆಂದು ಹೇಳಲಾರದೆ ತಾಯಿ, "ಅಲ್ಲಿ ನೋಡ್ಲಿಕ್ಕೆ ಎಂತ ಉಂಟು, ನೀರು ಮಾತ್ರ" ಎಂದು ಮಗಳಿಗೆ ಸುಳ್ಳು ಹೇಳುವ ಜಾಗ ಉಂಟು. ಇಡೀ ಸಿನಿಮಾ ನಿಂತಿರುವುದು ಆ ಮಾತಿನ ಮೇಲೆ. ಆಗ ಹಾಲಿನಲ್ಲಿ ಕೇಳಿದ್ದು ಒಬ್ಬ ಚಿಪ್ಸ್ ಪೊಟ್ಟಣ ಮಡಚಿದ ಸದ್ದು. ಮೊಬೈಲ್ ಅಂಗಡಿಯ ಹುಡುಗ ಅಂದು ಶಾಲೆಗೇ ಬಂದಿರಲಿಲ್ಲ. ಜ್ವರ ಎಂದು ಚೀಟಿ ಕಳಿಸಿದ್ದ.

ನಾನು ಚಿಕ್ಕವಳಿದ್ದಾಗ ನಮಗೆ ಯಕ್ಷಗಾನದ ಆಟಕ್ಕೆ ಹೋಗಿ ಎಂದು ಯಾರೂ ಹೇಳುತ್ತಿರಲಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ ನಮ್ಮದು. ಸಂಜೆ ಗುಡ್ಡದಾಚೆಯಿಂದ ಚೆಂಡೆಯ ಕೇಳಿ ಬಡಿದದ್ದು ಕೇಳಿದರೆ ಸಾಕು, ಇವತ್ತು ಬಯಲಾಟ ಎಂದು ನಾಲ್ಕೂರಿಗೆ ಗೊತ್ತು. ನಾವು ಹೋಗುತ್ತಿದ್ದದ್ದು ಕಡ್ಲೆಗೆ, ಚರುಮುರಿಗೆ, ರಾತ್ರಿ ಹೊರಗಿರಬಹುದು ಎಂಬ ಒಂದೇ ಆಸೆಗೆ. ಚಾಪೆಯಲ್ಲಿ ನಿದ್ದೆ ಹೋಗಿ, ಮಹಿಷಾಸುರ ದೊಂದಿ ಹಿಡಿದು ಜನರ ನಡುವಿನಿಂದಲೇ ಅಬ್ಬರಿಸಿ ಬರುವಾಗ ಬೆಚ್ಚಿ ಏಳುವುದು. ರಾಳದ ಪುಡಿ ಭಗ್ಗೆಂದು ಹತ್ತುತ್ತಿತ್ತು. ಆಟದಲ್ಲಿ ನಕ್ಕರೆ ಯಾರೂ ಶ್ ಅನ್ನಲಿಲ್ಲ. ನೀತಿ ಇತ್ತೋ ಇಲ್ಲವೋ, ಇದ್ದರೆ ಅದು ನಿದ್ದೆಗಣ್ಣಿನಲ್ಲಿ ಎಷ್ಟು ಇಳಿಯಿತೋ ಅಷ್ಟು.

ಭಾನುವಾರ ಮಧ್ಯಾಹ್ನದ ಆಟಕ್ಕೆ ನಾನು ಯಾರನ್ನೂ ಕರೆಯಲಿಲ್ಲ. ಮೂರನೇ ಬೆಂಚಿನವಳು ಮಾತ್ರ ಹೇಳಿದ್ದಳು, ನಾವು ಕೆಲವರು ಹೋಗ್ತೇವೆ, ತಪ್ಪು ಬರ್ಕೊಳ್ಳಿಕ್ಕೆ ಎಂದು. ರೀಲ್ ನೋಡಿದವರೆಲ್ಲ ಬರುತ್ತಾರೆ ಎಂದು ನಿರ್ದೇಶಕ ಕನಸು ಕಂಡಿದ್ದ. ಹಾಗೇನೂ ಆಗಲಿಲ್ಲ. ಬೆರಳಲ್ಲಿ ಮೇಲೆ ತಳ್ಳುವುದಕ್ಕೂ, ಮಳೆಯಲ್ಲಿ ಎರಡು ಬಸ್ಸು ಬದಲಿಸಿ, ಯೂನಿಫಾರ್ಮ್ ಇಲ್ಲದ ದಿನ ಕನ್ಸೆಷನ್ನೂ ಇಲ್ಲದೆ ಪೂರ್ತಿ ಚಾರ್ಜು ಕೊಟ್ಟು, ನೂರೈವತ್ತರ ಟಿಕೆಟ್ ತೆಗೆಯುವುದಕ್ಕೂ ಬಹಳ ದೂರ. ಬಂದವರು ಹತ್ತೊಂಬತ್ತು ಮಂದಿ. ಬಣ್ಣಬಣ್ಣದ ಅಂಗಿ, ಒದ್ದೆ ಕೂದಲು. ನಾನು ಹಿಂದಿನ ಮೂಲೆಯಲ್ಲಿ ಕೂತೆ.

ಹತ್ತು ನಿಮಿಷದೊಳಗೆ ಗಲಾಟೆ ಶುರು. "ಆ ಬಸ್ಸು ಪೆರ್ಲಕ್ಕೆ ಹೋಗುದಲ್ಲ!" "ಜುಲೈಯಲ್ಲಿ ಯಾರ ಮನೆಯಂಗಳದಲ್ಲಿ ಅಡಿಕೆ ಒಣಗ್ತದೆ?" "ಟೀಚರ್ ಸೀರೆ ನೋಡು, ಪೊಳಿ." ಪೊಳಿ ಎಂದರೆ ಮಲಯಾಳದಲ್ಲಿ ಸೂಪರ್ ಎಂದು. ಎಚ್ಚರಿಕೆಯ ಸಾಲನ್ನು ಇವರೂ ಓದಿದರು, ಇವರೂ ನಕ್ಕರು. ಶ್ ಅನ್ನಲು ಯಾರೂ ಇರಲಿಲ್ಲ. ನಗು ತಾನಾಗಿ ತೀರಿತು. ತಾಯಿ ಬೀಡಿ ತೆಗೆದುಕೊಂಡು ಬ್ರಾಂಚಿಗೆ ಹೋಗುವ ಹೊತ್ತಿಗೆ ತಪ್ಪು ಬರೆದುಕೊಳ್ಳುತ್ತಿದ್ದ ಫೋನುಗಳು ಆರಿದ್ದವು. ಬ್ರಾಂಚಿನವನು ಒಂದು ಕಟ್ಟು ಎತ್ತಿ, ಬೆರಳಲ್ಲಿ ತಿರುಗಿಸಿ, ಬದಿಗೆ ಹಾಕಿದ. ಇನ್ನೊಂದು. ಇನ್ನೊಂದು. "ಅಯ್ಯೋ, ಅದು ಸರಿ ಉಂಟಲ್ಲ ಮಾರಾಯ," ಎಂದಳು ಮೂರನೇ ಬೆಂಚಿನವಳು, ಪರದೆಯೊಂದಿಗೆ ಮಾತಾಡುವ ಹಾಗೆ. ಟ್ರೈಲರಿನಲ್ಲಿ ಪಾಸ್ ಮಾಡದ ಬೀಡಿಯನ್ನು ಅವಳೀಗ ಪಾಸ್ ಮಾಡಿದ್ದಳು.

ಇಂಟರ್ವಲ್‌ನಲ್ಲಿ ಪಾಪ್‌ಕಾರ್ನ್ ಸಾಲಿನಲ್ಲಿ ಮೊಬೈಲ್ ಅಂಗಡಿಯ ಹುಡುಗನನ್ನು ಕಂಡೆ. ಒಬ್ಬನೇ, ಟೊಪ್ಪಿ ಹಣೆಯವರೆಗೆ ಎಳೆದಿತ್ತು. ಅವನು ನನ್ನನ್ನು ನೋಡದವನ ಹಾಗೆ ಮಾಡಿದ. ನಾನೂ ಗೋಡೆಯ ಪೋಸ್ಟರ್ ಓದಿದೆ.

ಸೋಮವಾರದಿಂದ ಒಂದೇ ಆಟ ಉಳಿಯಿತು, ಬೆಳಿಗ್ಗೆ ಹನ್ನೊಂದೂವರೆಗೆ, ಮಕ್ಕಳು ಕ್ಲಾಸಿನಲ್ಲಿರುವ ಹೊತ್ತಿಗೆ. ಗುರುವಾರ ಅದೂ ಹೋಯಿತು. ಹತ್ತೊಂಬತ್ತು ಮಂದಿ ಕೂಡಿ ಮೂವತ್ತೊಂದು ತಪ್ಪು ಹುಡುಕಿದ್ದರು. ನಿರ್ದೇಶಕ ಅದನ್ನು ಪ್ರಿಂಟ್ ಹಾಕಿಸಿ ಇಟ್ಟುಕೊಂಡಿದ್ದಾನೆ. ಹದಿನಾಲ್ಕನ್ನು ಒಪ್ಪಿದ, ಉಳಿದದ್ದಕ್ಕೆ ಮಕ್ಕಳೊಂದಿಗೆ ಇವತ್ತಿಗೂ ಜಗಳ ನಡೆಯುತ್ತಿದೆ.

ಆ ಭಾನುವಾರ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಮಳೆ ಸುರಿಯುತ್ತಿತ್ತು. ಮಕ್ಕಳು ಅರ್ಧ ತುಳು, ಅರ್ಧ ಮಲಯಾಳದಲ್ಲಿ ಆ ಮಗಳು ಪ್ರವಾಸಕ್ಕೆ ಹೋಗಬೇಕಿತ್ತೋ ಬೇಡವೋ ಎಂದು ಕಚ್ಚಾಡುತ್ತಿದ್ದರು. ಮೊಬೈಲ್ ಅಂಗಡಿಯವನು ಸ್ವಲ್ಪ ದೂರದಲ್ಲಿ ನಿಂತಿದ್ದ. ಅವನ ಬಸ್ಸು ಬಂತು. ಹತ್ತುವ ಮೊದಲು ನನ್ನ ಹತ್ತಿರ ಬಂದು, ನನ್ನನ್ನು ಈಗಷ್ಟೇ ಕಂಡವನ ಹಾಗೆ ಕೇಳಿದ:

"ಟೀಚರೇ, ಆ ಬ್ರಾಂಚಿನವನಾಗಿ ಮಾಡಿದ್ದು ಯಾರು? ನಿಜವಾದ ಬ್ರಾಂಚಿನವನಾ?"

"ಹೌದು. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದವರಂತೆ. ಹೇಗೆ ಗೊತ್ತಾಯ್ತು?"

"ಬೇರೆ ಹಾಕುವಾಗ ಮುಖ ನೋಡುದಿಲ್ಲ ಅವ," ಅಂದ. ಕಂಡಕ್ಟರ್ ಸೀಟಿ ಊದಿದ. ಹುಡುಗ ಟೊಪ್ಪಿ ತೆಗೆದು ನೀರು ಕೊಡವಿ ಬಸ್ಸು ಹತ್ತಿದ.